ಕಿವಿಗೆ ಬಿದ್ದ ಮೊದಲ ಲಯ, ಕವಿಯ ಸ್ವಂತ ದನಿ

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಕವಿತೆ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಅಜ್ಜಿ ಸಂಜೆಯ ಹೊತ್ತು ಕುಮಾರವ್ಯಾಸನ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಪ್ರೌಢಶಾಲೆಯಲ್ಲಿ ಭಾವಗೀತೆಗಳ ಹುಚ್ಚು ಹಿಡಿಯಿತು, ಕಾಲೇಜಿನಲ್ಲಿ ಅಡಿಗರನ್ನು ಓದಿದೆ. ಈಗ ಮೊದಲ ಸಂಕಲನಕ್ಕೆ ಕವಿತೆಗಳನ್ನು ಜೋಡಿಸುತ್ತಿದ್ದೇನೆ. ನಾನು ಗೌರವಿಸುವ ಹಿರಿಯರೊಬ್ಬರು ಹಸ್ತಪ್ರತಿ ಓದಿ, "ಇದರಲ್ಲಿ ನೀವೆಲ್ಲಿದ್ದೀರಿ? ಎಲ್ಲ ಹಳೆಯ ಭಾವಗೀತೆಯ ಪ್ರತಿಧ್ವನಿ" ಎಂದರು. ಅಂದಿನಿಂದ ಒಂದು ಸಾಲೂ ಹುಟ್ಟಿಲ್ಲ. ಎಳವೆಯಲ್ಲಿ ಅಂಟಿಕೊಂಡ ಪ್ರಭಾವದಿಂದ ಕವಿಗೆ ಬಿಡುಗಡೆ ಇದೆಯೇ? ಕೆಲವು ವರ್ಷ ಬೇರೆಯವರ ಕವಿತೆ ಓದುವುದನ್ನೇ ನಿಲ್ಲಿಸಲೇ? ಛಂದಸ್ಸನ್ನು ಪೂರ್ತಿ ಬಿಟ್ಟು ಗದ್ಯದ ಹಾಗೆ ಬರೆಯಲೇ? ಅಮ್ಮನ ಹೊಲಿಗೆ ಕೆಲಸದ ಬಗ್ಗೆ ಬರೆದ ಮೂರು ಕವಿತೆಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ನಿಮ್ಮ ಕವಿತೆ ಬೇರೆಯವರ ಕವಿತೆಯಂತೆ ಕೇಳಿಸುತ್ತದೆ ಎಂಬುದು ಒಂದು. ಆ ಹೋಲಿಕೆ ಎಳವೆಯಿಂದ ಬಂದದ್ದಾದ್ದರಿಂದ ಇನ್ನು ಅದು ಬಿಟ್ಟುಹೋಗದು ಎಂಬುದು ಇನ್ನೊಂದು. ಮೊದಲನೆಯದು ತಕ್ಕಮಟ್ಟಿಗೆ ನಿಜ, ಎರಡನೆಯದು ನಿಜವಲ್ಲ. ಕವಿತೆಗಳನ್ನು ಓದಿ ತಿದ್ದುವ, ಕಮ್ಮಟಗಳಲ್ಲಿ ಹೊಸಬರ ಜೊತೆ ಕೂತು ಸಾಲು ಬಿಡಿಸುವ ಕಸುಬಿನಲ್ಲಿ ಬಹುಕಾಲ ಇದ್ದವನಾಗಿ ಹೇಳುವುದಾದರೆ, ನಿಮ್ಮ ಹಿರಿಯರು ಗುರುತಿಸಿದ ದೋಷ ಅಲ್ಲಿದೆ, ಆದರೆ ಅವರು ಬೆರಳಿಟ್ಟ ಜಾಗ ಸರಿಯಿಲ್ಲ.

ಸ್ವಂತ ಶೈಲಿ ಎಂಬುದು ಹುಟ್ಟಿನಿಂದಲೇ ಒಳಗಿದ್ದು, ಹೊರಗಿನ ಓದು ಅದರ ಮೇಲೆ ಕವಿದ ಮುಸುಕು, ಮುಸುಕು ಸರಿಸಿದರೆ ಅಪ್ಪಟ ದನಿ ಹೊರಬರುತ್ತದೆ ಎಂಬ ನಂಬಿಕೆ ಹೊಸ ಕವಿಗಳಲ್ಲಿ ಬಹಳ ಬಲವಾಗಿದೆ. ಕಾವ್ಯದ ಚರಿತ್ರೆ ಇದಕ್ಕೆ ಎಲ್ಲಿಯೂ ಸಾಕ್ಷಿ ನುಡಿಯುವುದಿಲ್ಲ. ರವೀಂದ್ರನಾಥ ಟ್ಯಾಗೋರರು ಹದಿಹರೆಯದಲ್ಲಿ ಮಧ್ಯಕಾಲದ ವೈಷ್ಣವ ಪದಗಳ ಧಾಟಿಯನ್ನೂ ಭಾಷೆಯನ್ನೂ ಅನುಕರಿಸಿ, ಭಾನುಸಿಂಹ ಎಂಬ ಹಳೆಯ ಕವಿಯ ಹೆಸರು ಕಟ್ಟಿ ಬರೆದರು. ಆ ಪದಗಳು 1884ರಲ್ಲಿ ಪುಸ್ತಕವಾಗಿ ಬಂದವು. ಇಂಗ್ಲೆಂಡಿನ ಫಿಲಿಪ್ ಲಾರ್ಕಿನ್‌ನ 1945ರ ಮೊದಲ ಸಂಕಲನದಲ್ಲಿ ಯೇಟ್ಸ್‌ನ ಸಂಗೀತ ಎಷ್ಟು ತುಂಬಿಕೊಂಡಿತ್ತೆಂದರೆ, ಎರಡು ದಶಕಗಳ ನಂತರ ಅದರ ಮರುಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಅವನೇ ಅದನ್ನು ವಿವರಿಸಿ, ಹಾರ್ಡಿಯ ಕವಿತೆಗಳನ್ನು ಓದಿದ ಮೇಲೆ ತಾನು ಅದರಿಂದ ಹೊರಬಂದೆನೆಂದು ಹೇಳಬೇಕಾಯಿತು. ನೀವು ಓದಿದ ಅಡಿಗರನ್ನೇ ತೆಗೆದುಕೊಳ್ಳಿ. ಬೇಂದ್ರೆಯವರ ಮುನ್ನುಡಿಯೊಂದಿಗೆ 1946ರಲ್ಲಿ ಬಂದ ಅವರ ಮೊದಲ ಸಂಕಲನ ನವೋದಯದ, ಅಂದರೆ ಅವರಿಗೆ ಹಿಂದಿನ ಭಾವಗೀತೆಯ ಯುಗದ, ಮಾತು ಮತ್ತು ಮಟ್ಟುಗಳಲ್ಲೇ ಇದೆ. ಅನ್ಯರು ಹೇಳಿದ್ದನ್ನೇ ಬರೆಬರೆದು ಮನಸ್ಸು ದಣಿದಿದೆ, ನನ್ನ ನುಡಿಯಲ್ಲಿ ಹೇಳುವ ಶಕ್ತಿ ಬರುವ ತನಕ ಈ ಬಾಳು ನರಕ ಎಂಬ ಅರ್ಥದ ಅಳಲು ಆ ಸಂಕಲನದೊಳಗೇ ಇದೆ. ಎಂಟು ವರ್ಷಗಳ ನಂತರ, 1954ರಲ್ಲಿ, ‘ಚಂಡೆಮದ್ದಳೆ’ಯೊಂದಿಗೆ ಅವರದೇ ನುಡಿ, ನವ್ಯದ ನುಡಿ, ಬಂತು. ನಿಮ್ಮ ಈಗಿನ ದಿಗಿಲು ಅವರ ಆ ಅಳಲಿನ ಜಾತಿಗೇ ಸೇರಿದ್ದು. ಅದು ಬರಡುತನದ ಲಕ್ಷಣವಲ್ಲ. ಕಿವಿ ಚುರುಕಾಗಿದೆ, ಕೈ ಇನ್ನೂ ಅದರ ಸಮಕ್ಕೆ ಪಳಗಿಲ್ಲ ಎಂದಷ್ಟೇ ಅದರ ಅರ್ಥ.

ಹಾಗೆ ನೋಡಿದರೆ ಪ್ರಭಾವವನ್ನು ಕಳಂಕವೆಂದು ಕಾಣುವ ಮನೋಭಾವವೇ ಈಚಿನದು. ಹನ್ನೆರಡನೆಯ ಶತಮಾನದ ನಾಗಚಂದ್ರ ತನ್ನನ್ನು ಅಭಿನವ ಪಂಪನೆಂದು ಕರೆದುಕೊಂಡಾಗ ಅದು ಹೆಮ್ಮೆಯ ಬಿರುದಾಗಿತ್ತು. ಇಂದು ಯಾರನ್ನಾದರೂ ‘ಎರಡನೆಯ ಬೇಂದ್ರೆ’ ಎಂದರೆ ಜಗಳಕ್ಕೆ ಬಂದಾರು.

ಇನ್ನು ಪ್ರಭಾವ ಎಲ್ಲಿ ನೆಲೆ ನಿಲ್ಲುತ್ತದೆ ಎಂಬುದು. ಸಾಮಾನ್ಯವಾಗಿ ನಾವು ಅದನ್ನು ಪದಗಳಲ್ಲಿ ಹುಡುಕುತ್ತೇವೆ: ಇರುಳು, ಬೆಳದಿಂಗಳು, ಮುಗಿಲು, ಒಲವು ಕಂಡರೆ ನವೋದಯ, ಹುತ್ತ ಮತ್ತು ಕೂಪ ಕಂಡರೆ ನವ್ಯ. ಇದು ಮೇಲ್ಪದರ. ಇದಕ್ಕಿಂತ ಕೆಳಗೆ ವಾಕ್ಯದ ಕಟ್ಟು ಇರುತ್ತದೆ. ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೋ, ಮುಂದಕ್ಕೆ ಹಾರುತ್ತದೋ, ಕವಿ ಯಾರನ್ನಾದರೂ ಕೂಗಿ ಮಾತು ಶುರುಮಾಡುತ್ತಾನೋ, ಹೋಲಿಕೆಯನ್ನು ಮೊದಲು ಹೇಳಿ ವಸ್ತುವನ್ನು ಆಮೇಲೆ ಹೇಳುತ್ತಾನೋ ಎಂಬುದೆಲ್ಲ ಈ ಪದರದ ಸಂಗತಿ. ಅದಕ್ಕೂ ಕೆಳಗಿರುವುದು ಲಯ. ಮಗುವಿನ ಕಿವಿಗೆ ಮೊದಲು ಬೀಳುವುದು ಇದೇ, ಕವಿಯ ಗಮನಕ್ಕೆ ಕೊನೆಗೆ ಬರುವುದೂ ಇದೇ. ಅರ್ಥ ತಿಳಿಯುವ ಮೊದಲೇ ಜೋಗುಳ, ಭಜನೆ, ಮಗ್ಗಿ, ಗಮಕದ ಓದು ಮೈಗೂಡಿಬಿಟ್ಟಿರುತ್ತವೆ; ಅರ್ಥ ತಿಳಿಯದಿದ್ದುದರಿಂದಲೇ ಅವುಗಳ ಗತಿ ಇನ್ನಷ್ಟು ಆಳಕ್ಕೆ ಇಳಿದಿರುತ್ತದೆ, ಏಕೆಂದರೆ ಹಿಡಿದುಕೊಳ್ಳಲು ಮಗುವಿಗೆ ಬೇರೇನೂ ಇರುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಮೆಚ್ಚಿ ಓದಿದ ಕವಿಯ ಪದಗಳು ಮೂವತ್ತಕ್ಕೆ ತಾವಾಗಿಯೇ ಉದುರಬಹುದು. ಐದರ ಹರೆಯದಲ್ಲಿ ಕೇಳಿದ ಗತಿ ಹಾಗೆ ಉದುರುವುದಿಲ್ಲ, ಅದನ್ನು ತಿಳಿದೇ ಎದುರಿಸಬೇಕು.

ಈ ಮಾತನ್ನು ನಿಮ್ಮ ಮೊದಲ ಕವಿತೆಯ ಎರಡು ಸಾಲಿನಲ್ಲಿಯೇ ತೋರಿಸಬಹುದು:

ಅಮ್ಮ ಹೊಲಿಯುವ ಹೊಲಿಗೆಯಂತ್ರದ
ಗಾಲಿ ತಿರುಗಲು ಇರುಳು ಸರಿಯಿತು

ಮಾತ್ರೆ ಎಣಿಸಿ ನೋಡಿ: ಹ್ರಸ್ವ ಅಕ್ಷರಕ್ಕೆ ಒಂದು; ದೀರ್ಘಕ್ಕೆ, ಸೊನ್ನೆಯುಳ್ಳದ್ದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಅಮ್ಮ ಮೂರು, ಹೊಲಿಯುವ ನಾಲ್ಕು, ಹೊಲಿಗೆ ಮೂರು, ಯಂತ್ರದ ನಾಲ್ಕು. ಎರಡನೆಯ ಸಾಲೂ ಒಂದು ಮಾತ್ರೆ ಆಚೀಚೆಯಾಗದೆ ಮೂರು-ನಾಲ್ಕು-ಮೂರು-ನಾಲ್ಕು. ಇದು ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಚಿಕ್ಕ ಸಾಲಿನ ಅಳತೆ, ಅಂದರೆ ನಿಮ್ಮ ಅಜ್ಜಿ ಓದುತ್ತಿದ್ದ ಕುಮಾರವ್ಯಾಸನ ಅಳತೆ. ನೀವು ಇದನ್ನು ಎಣಿಸಿ ಬರೆದಿಲ್ಲವೆಂದೇ ನಾನು ನಂಬುತ್ತೇನೆ. ಎಣಿಸದೆಯೂ ಇಷ್ಟು ಕರಾರುವಾಕ್ಕಾಗಿ ಬಂದಿದೆ ಎಂಬುದೇ ಇಲ್ಲಿ ಗಮನಿಸಬೇಕಾದ್ದು.

ಈಗ ಎರಡು ಪದಗಳನ್ನು ಬಿಡಿಸಿ ನೋಡೋಣ. ‘ಇರುಳು’ ಎಂಬುದು ನಿಮ್ಮ ಮನೆಮಾತಿನ ಪದವಲ್ಲ. ಉಳಿದ ಕವಿತೆಗಳಲ್ಲಿ ಅಮ್ಮ ಮಾತಾಡುವಾಗಲೆಲ್ಲ ‘ರಾತ್ರಿ’ ಎನ್ನುತ್ತಾರೆ. ‘ರಾತ್ರಿ’ಗೂ ಮೂರೇ ಮಾತ್ರೆ. ಲಯಕ್ಕೆ ಏಟು ಬೀಳದಂತೆ ಅದನ್ನು ಅಲ್ಲಿ ಕೂರಿಸಬಹುದಿತ್ತು, ‘ತಿರುಗಲು ಇರುಳು’ ಎಂದು ಸ್ವರಕ್ಕೆ ಸ್ವರ ತಾಗುವ ತೊಡಕೂ ಹೋಗುತ್ತಿತ್ತು. ಹಾಗಿದ್ದರೂ ‘ಇರುಳು’ ಬಂದದ್ದು ಭಾವಗೀತೆಯ ಓದಿನಿಂದ. ನಿಮ್ಮ ಹಿರಿಯರ ಕಿವಿಗೆ ಬಿದ್ದದ್ದು ಈ ಪದ. ಇದು ಒಂದು ಸಂಜೆಯ ತಿದ್ದುಪಡಿಯ ಕೆಲಸ.

‘ಹೊಲಿಯುವ’ ಎಂಬುದರ ಕತೆ ಬೇರೆ. ಹೊಲಿಗೆಯಂತ್ರ ಹೊಲಿಯಲಿಕ್ಕೇ ಇರುವುದು, ಆ ಪದ ಅಲ್ಲಿ ಏನನ್ನೂ ಹೇಳುತ್ತಿಲ್ಲ. ‘ಅಮ್ಮನ ಹೊಲಿಗೆಯಂತ್ರ’ ಎಂದರೆ ಸಾಕಿತ್ತು. ಆದರೆ ಹಾಗೆಂದಿದ್ದರೆ ಮೂರರ ಬದಲು ನಾಲ್ಕು ಮಾತ್ರೆಗೆ ಸಾಲು ಶುರುವಾಗಿ ಗತಿ ಮುರಿಯುತ್ತಿತ್ತು. ನಾಲ್ಕು ಮಾತ್ರೆಯ ತೆರವನ್ನು ತುಂಬಲು ಲಯವೇ ಒಂದು ಪದವನ್ನು ಎಳೆದು ತಂದಿತು; ಬರೆದವರು ನೀವಾದರೂ ಆರಿಸಿದವರು ನೀವಲ್ಲ. ಎಳವೆಯ ಪ್ರಭಾವದಿಂದ ಕವಿತೆಗೆ ಆಗುವ ನಿಜವಾದ ಹಾನಿ ಇದು, ಮತ್ತು ಇದಕ್ಕೂ ಭಾವಗೀತೆಗೂ ಸಂಬಂಧವಿಲ್ಲ. ಕೀಟ್ಸ್ ತನ್ನ ಒಂದು ಮಹತ್ವಾಕಾಂಕ್ಷೆಯ ಕಥನಕಾವ್ಯವನ್ನು ಅರ್ಧಕ್ಕೆ ಕೈಬಿಟ್ಟು, 1819ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಕೊಟ್ಟ ಕಾರಣವೂ ಇದಕ್ಕೆ ಹತ್ತಿರದ್ದು: ಮಿಲ್ಟನ್ ಪದಗಳನ್ನು ಹಿಂದುಮುಂದಾಗಿಸುವ ರೀತಿ ತನ್ನ ವಾಕ್ಯಗಳಲ್ಲಿ ಅತಿಯಾಗಿದೆ ಎಂದು ಅವನಿಗೆ ಅನಿಸಿತ್ತು. ಅವನು ದೂರಿದ್ದು ಮಿಲ್ಟನ್ನನ ವಿಚಾರಗಳನ್ನಲ್ಲ, ವಾಕ್ಯ ತಿರುಚುವ ಅಭ್ಯಾಸವನ್ನು.

ಹಾಗಾದರೆ ಭಾಮಿನಿಯ ಗತಿಯನ್ನು ಕಿತ್ತೊಗೆಯಬೇಕೇ? ಇದಕ್ಕೆ ಒಂದೇ ಉತ್ತರವಿಲ್ಲ. ಎಳವೆಯ ಲಯವನ್ನು ಕೊನೆಯತನಕ ಉಳಿಸಿಕೊಂಡೇ ಅದರೊಳಗೆ ತಮ್ಮದೇ ಜಾಗ ಮಾಡಿಕೊಂಡವರಿದ್ದಾರೆ. ಅಮೆರಿಕದ ಎಮಿಲಿ ಡಿಕಿನ್ಸನ್ ಬಹುಪಾಲು ಕವಿತೆಗಳನ್ನು ಚರ್ಚಿನ ಪ್ರಾರ್ಥನಾಗೀತೆಗಳ ಅಳತೆಯಲ್ಲೇ ಬರೆದಳು. ಆದರೆ ಅಡ್ಡಗೆರೆಗಳಿಂದ ಉಸಿರನ್ನು ತುಂಡರಿಸಿ, ಪ್ರಾಸವನ್ನು ಅರೆಬರೆ ಹೊಂದುವಂತೆ ಬಿಟ್ಟು, ಭಕ್ತಿಯ ಅಳತೆಯಲ್ಲಿ ಸಂದೇಹವನ್ನು ಹಾಡಿದಳು. ಬೇಂದ್ರೆ ಲಾವಣಿ ಮತ್ತು ಜನಪದ ಮಟ್ಟುಗಳನ್ನು ಬಿಡಲಿಲ್ಲ, ಅವುಗಳಿಂದ ಅಲ್ಲಿಯವರೆಗೆ ಯಾರೂ ಮಾಡಿಸದ ಕೆಲಸ ಮಾಡಿಸಿದರು. ಇನ್ನೊಂದು ದಾರಿಯೂ ಇದೆ. ರಾಘವಾಂಕ ಹರಿಹರನ ಸೋದರಳಿಯ, ಶಿಷ್ಯ ಕೂಡ. ಅಷ್ಟು ಹತ್ತಿರದಲ್ಲಿದ್ದೂ ಗುರುವಿಗೆ ಒಲಿದಿದ್ದ ರಗಳೆಯನ್ನು, ಸಾಲುಗಳ ಎಣಿಕೆಗೆ ಮಿತಿಯಿಲ್ಲದ ಆ ಛಂದಸ್ಸನ್ನು, ಬಿಟ್ಟು ಷಟ್ಪದಿಯನ್ನು ಹಿಡಿದ. ಗುರುವಿನಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಅವನಿಗೇ ಬಿಡಬೇಕು ಎಂಬ ಪ್ರಶ್ನೆಗೆ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ.

ಎಳವೆಯ ಪ್ರಭಾವವೆಂದರೆ ಕೇಳಿದ ಕಾವ್ಯ ಮಾತ್ರವಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಬೇಂದ್ರೆಯವರ ಮನೆಮಾತು ಮರಾಠಿ. ಎ.ಕೆ. ರಾಮಾನುಜನ್ ಬೆಳೆದದ್ದು ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ತಂದೆಯ ಓದಿನ ಕೋಣೆಯಲ್ಲಿ ಇಂಗ್ಲಿಷ್ ಎಂಬ ವಿಂಗಡಣೆಯ ನಡುವೆ. ಹೀಗೆ ಬೆಳೆದವರಿಗೆ ಕಾವ್ಯದ ಭಾಷೆ ಪೂರ್ತಿ ಸಲೀಸಾಗಿ ಒದಗುವುದಿಲ್ಲ, ಪ್ರತಿ ಪದವನ್ನೂ ಸ್ವಲ್ಪ ಹೊರಗಿನಿಂದ ಕಾಣುವ ಅಭ್ಯಾಸ ಬಂದಿರುತ್ತದೆ. ಅದು ಶೈಲಿಗೆ ದೊಡ್ಡ ಬಂಡವಾಳ. ಇನ್ನು ಕಾವ್ಯವಾಚನವೇ ಇಲ್ಲದ ಮನೆಗಳಿಂದ ಬಂದವರು ಏನೂ ಇಲ್ಲದೆ ಬರುವುದಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ ಬಂದಾಗ ಕನ್ನಡ ಕಾವ್ಯಕ್ಕೆ ಹೋರಾಟದ ಘೋಷಣೆಯ ಏರುದನಿ ಮತ್ತು ಹಾಡಿನ ಮಟ್ಟು ಒಟ್ಟಿಗೆ ಬಂದವು. ಅದು ಗ್ರಂಥಾಲಯದಲ್ಲಿ ಕಲಿತದ್ದಾಗಿರಲಿಲ್ಲ. ನಿಮ್ಮ ವಿಷಯದಲ್ಲಿ, ಪತ್ರದಲ್ಲಿ ಅಜ್ಜಿಯ ಓದಿನ ಬಗ್ಗೆ ಬರೆದಿದ್ದೀರಿ. ಹೊಲಿಸಲು ಬಂದವರೊಡನೆ ಅಳತೆ, ಗಡುವು, ಕೂಲಿಯ ಬಗ್ಗೆ ಅಮ್ಮ ಆಡುತ್ತಿದ್ದ ಮಾತಿನ ಬಗ್ಗೆ ಒಂದಕ್ಷರವೂ ಇಲ್ಲ. ಅದೂ ದಿನವಿಡೀ ನಿಮ್ಮ ಕಿವಿಗೆ ಬಿದ್ದದ್ದೇ ಅಲ್ಲವೇ? ಕಾವ್ಯದ ಗೌರವ ಇಲ್ಲದ ಮಾತನ್ನು ಪ್ರಭಾವವೆಂದು ಎಣಿಸದಿರುವುದು ಓದಿಕೊಂಡವರೆಲ್ಲರ ಅಭ್ಯಾಸ.

ನೀವು ಮುಂದಿಟ್ಟ ದಾರಿಗಳಿಗೆ ಬರುತ್ತೇನೆ. ಓದುವುದನ್ನು ನಿಲ್ಲಿಸುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಕವಿತೆ ಓದದಿದ್ದರೆ ಕಿವಿ ಖಾಲಿಯಾಗಿ ಕೂರುವುದಿಲ್ಲ. ಸಿನಿಮಾ ಹಾಡು, ಜಾಹೀರಾತು, ಶುಭಾಶಯ ಸಂದೇಶಗಳ ಧಾಟಿ ಯಾರ ಅಪ್ಪಣೆಯನ್ನೂ ಕೇಳದೆ ಆ ಜಾಗಕ್ಕೆ ಬಂದು ಸೇರುತ್ತದೆ. ಹೀಗೆ ವರ್ಷಗಟ್ಟಲೆ ಓದು ಬಿಟ್ಟು ‘ಶುದ್ಧ’ರಾಗಲು ಹೊರಟವರ ಹಸ್ತಪ್ರತಿಗಳನ್ನು ನೋಡಿದ್ದೇನೆ. ಅವು ಒಂದರಂತೆ ಇನ್ನೊಂದು ಇರುತ್ತವೆ. ಅಪಾಯ ಇರುವುದು ಒಬ್ಬನೇ ಕವಿಯನ್ನು ಓದುವುದರಲ್ಲಿ, ಅನೇಕರನ್ನು ಓದುವುದರಲ್ಲಲ್ಲ. ಒಬ್ಬರ ಪ್ರಭಾವ ಮೊದಲ ಸಾಲಿಗೇ ಗುರುತು ಸಿಗುತ್ತದೆ. ಹತ್ತು ಜನರದು ಬೆರೆತಾಗ ಯಾವುದು ಎಲ್ಲಿಯದು ಎಂಬುದು ಬರೆದವರಿಗೇ ತಿಳಿಯುವುದಿಲ್ಲ. ಆದ್ದರಿಂದ ಓದನ್ನು ಅಡ್ಡಡ್ಡ ಹರಡಿ. ನಿಮಗೆ ಪ್ರಿಯರಾದ ಕವಿ ಯಾರನ್ನು ಓದಿ ಬೆಳೆದರೋ ಅವರನ್ನು ಓದಿ. ಕವಿತೆಯಲ್ಲದ ಬರಹವನ್ನು, ವಿಶೇಷವಾಗಿ ಯಾವುದಾದರೂ ಕೆಲಸ ಮಾಡುವ ವಿಧಾನವನ್ನು ಬಿಡಿಸಿ ಹೇಳುವ ಗದ್ಯವನ್ನು ಓದಿ.

ಛಂದಸ್ಸನ್ನು ಪೂರ್ತಿ ಬಿಡುವುದು ಇಷ್ಟು ಕೆಟ್ಟದ್ದಲ್ಲ, ಆದರೆ ಅದನ್ನು ಬಿಡುಗಡೆ ಎಂದು ತಿಳಿದು ಹೋದರೆ ಮೋಸಹೋಗುತ್ತೀರಿ. ಗದ್ಯದಂತೆ ತೋರುವ ಇಂದಿನ ಕವಿತೆಗೂ ಸಿದ್ಧ ಅಚ್ಚು ಇದೆ: ಎರಡು ಮೂರು ಪದಗಳ ಕುಳ್ಳ ಸಾಲುಗಳು, ಕ್ರಿಯಾಪದವಿಲ್ಲದ ಅರ್ಧ ವಾಕ್ಯಗಳು, ಕೊನೆಗೊಂದು ಚಮತ್ಕಾರದ ತಿರುವು. ಕುಮಾರವ್ಯಾಸನನ್ನು ಬಿಟ್ಟು ಇದಕ್ಕೆ ಬಂದರೆ ಹಳೆಯ ಒಳ್ಳೆಯ ಪ್ರಭಾವವನ್ನು ಕೊಟ್ಟು ಹೊಸ ತೆಳು ಪ್ರಭಾವವನ್ನು ಕೊಂಡಂತೆ. ಅದಕ್ಕಿಂತ ಒಂದೇ ವಸ್ತುವನ್ನು ಐದು ಮಾತ್ರೆಯ ಗತಿಯಲ್ಲಿ, ನಾಲ್ಕರ ಗತಿಯಲ್ಲಿ, ಆಮೇಲೆ ಸಾದಾ ಗದ್ಯದಲ್ಲಿ ಬರೆದು ನೋಡಿ. ಐದರ ಗತಿಯಲ್ಲಿ ‘ಅಮ್ಮ’ನಿಗೆ ಯಾವ ಪದ ಜೊತೆಯಾಗುತ್ತದೆ, ನಾಲ್ಕರಲ್ಲಿ ಯಾವುದು ಬಿಟ್ಟುಹೋಗುತ್ತದೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಲಯ ತಂದದ್ದು ಯಾವುದು, ನೀವು ತಂದದ್ದು ಯಾವುದು ಎಂಬುದು ಕಣ್ಣಿಗೆ ಕಾಣುತ್ತದೆ. ಈ ಅಭ್ಯಾಸದಿಂದ ಪ್ರಕಟಿಸಬಹುದಾದ ಕವಿತೆ ಹುಟ್ಟುವುದು ಅಪರೂಪ, ಅದಕ್ಕಾಗಿ ಕಾಯಬೇಡಿ.

ನೀವು ಕೇಳದ ಎರಡು ದಾರಿಗಳಿವೆ. ಒಂದು, ತಿಳಿದೇ ಅನುಕರಿಸುವುದು. ಯಾರ ನೆರಳು ಇದೆಯೆಂದು ಅಂಜುತ್ತೀರೋ ಅವರಂತೆಯೇ, ಗುರುತು ಸಿಗುವಷ್ಟು ಪಕ್ಕಾ ಬರೆಯುವುದು. ಅನುಕರಣೆ ಅರಿವಿಗೆ ಬಂದಾಗ ಅದರ ಬೇಲಿ ಎಲ್ಲಿಯತನಕ ಎಂದು ತಿಳಿಯುತ್ತದೆ. ಇದರ ಅಪಾಯವೆಂದರೆ ಹೊಗಳಿಕೆ: ಪಕ್ಕಾ ಅನುಕರಣೆಗೆ ಚಪ್ಪಾಳೆ ಬೇಗ ಸಿಗುತ್ತದೆ, ಸಿಕ್ಕಮೇಲೆ ಬಿಡಲು ಮನಸ್ಸಾಗುವುದಿಲ್ಲ.

ಇನ್ನೊಂದು ಅನುವಾದ, ಮತ್ತು ನನ್ನ ಒಲವು ಇತ್ತ ಕಡೆಗೇ. ಬಿ.ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಾಗ ಕನ್ನಡಕ್ಕೆ ಸಿಕ್ಕಿದ್ದು ಪರದೇಶದ ವಸ್ತುವಿಗಿಂತ ಹೆಚ್ಚಾಗಿ ಮಾತ್ರೆಗಳ ಹೊಸ ಜೋಡಣೆ, ಪದ್ಯದ ಹೊಸ ಆಕಾರ. ಪರಭಾಷೆಯ ವಾಕ್ಯವನ್ನು ಕನ್ನಡಕ್ಕೆ ಬಗ್ಗಿಸುವಾಗ ಅಭ್ಯಾಸದ ಗತಿ ಸಾಲದೆ ಹೋಗುತ್ತದೆ, ನಿಮಗೇ ಗೊತ್ತಿಲ್ಲದ ಕನ್ನಡವನ್ನು ಹುಡುಕಬೇಕಾಗುತ್ತದೆ. ಇಂಗ್ಲಿಷೇ ಆಗಬೇಕೆಂದಿಲ್ಲ, ನೆರೆಯ ಯಾವ ಭಾಷೆಯಾದರೂ ಸರಿ. ಒಂದು ಎಚ್ಚರಿಕೆ: ಅನುವಾದವನ್ನೇ ಬಹುಕಾಲ ಮಾಡಿದವರ ಸ್ವಂತ ಕವಿತೆಯೂ ಅನುವಾದದಂತೆ ಓದಿಸಿಕೊಳ್ಳಲು ತೊಡಗುತ್ತದೆ.

ಕುವೆಂಪು ಇಂಗ್ಲಿಷಿನಲ್ಲಿ ಕವಿತೆ ಬರೆಯಲು ಹೊರಟು, ಐರಿಷ್ ಕವಿ ಜೇಮ್ಸ್ ಕಸಿನ್ಸ್‌ರ ಮಾತಿನಿಂದ ಕನ್ನಡಕ್ಕೆ ಹೊರಳಿದ ಸಂಗತಿ ನಿಮಗೆ ಗೊತ್ತಿರುತ್ತದೆ. ಹಿರಿಯರ ಒಂದು ಮಾತು ಕವಿಯನ್ನು ಹೀಗೆ ದಾರಿಗೆ ಹಚ್ಚಬಹುದು. ಆದರೆ ಕಸಿನ್ಸ್ ಬರೆಯುವುದನ್ನು ನಿಲ್ಲಿಸು ಎಂದಿರಲಿಲ್ಲ; ನಿಮ್ಮ ಹಿರಿಯರೂ ಹಾಗೆಂದಂತೆ ಕಾಣುವುದಿಲ್ಲ, ಹಾಗೆಂದು ಅರ್ಥಮಾಡಿಕೊಂಡವರು ನೀವು. ಸಂಕಲನಕ್ಕೆ ಗಡುವು ಹಾಕಿಕೊಂಡಿದ್ದರೆ ಅದನ್ನು ಸಡಿಲಿಸಿ. ಕೆ.ಎಸ್. ನರಸಿಂಹಸ್ವಾಮಿಯವರು 1942ರ ‘ಮೈಸೂರು ಮಲ್ಲಿಗೆ’ಯಿಂದ ಮನೆಮಾತಾದ ಮೇಲೆಯೂ ಆ ಧಾಟಿಯಲ್ಲೇ ನಿಲ್ಲದೆ, 1958ರ ‘ಶಿಲಾಲತೆ’ಯ ಹೊತ್ತಿಗೆ ಬೇರೆಯೇ ಬಿಗಿಯನ್ನು ತಂದುಕೊಂಡರು. ಜನ ಮೆಚ್ಚಿದ ಶೈಲಿಯನ್ನೇ ಬದಲಿಸಲು ಸಾಧ್ಯವಿದ್ದರೆ ಇನ್ನೂ ಅಚ್ಚಾಗದ್ದನ್ನು ಬದಲಿಸುವುದು ಅಷ್ಟು ದೊಡ್ಡ ಮಾತಲ್ಲ.

ನೀವು ಕಳಿಸಿದ ಮೂರರಲ್ಲಿ ಮೊದಲೆರಡನ್ನು ಸದ್ಯ ಸಂಕಲನದಿಂದ ಹೊರಗಿಡಿ. ಮೂರನೆಯದನ್ನು ಇಟ್ಟುಕೊಳ್ಳಿ, ಏಕೆಂದರೆ ಅದರ ನಡುವೆ ಈ ಸಾಲುಗಳಿವೆ:

ಸೂಜಿಯ ಕಣ್ಣು ಕಾಣುತ್ತಿಲ್ಲ ಬಾ ಅಂದಳು
ನಾನು ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿಕೊಂಡೆ

‘ಸೂಜಿಯ ಕಣ್ಣು’ ನಾಲ್ಕು-ಮೂರು. ಅಜ್ಜಿಯ ಮೂರು-ನಾಲ್ಕು ಇಲ್ಲಿ ಮಗ್ಗುಲು ಬದಲಿಸಿದೆ. ‘ಕಾಣುತ್ತಿಲ್ಲ’ ಎಂಬಲ್ಲಿ ಅದೇ ಏಳು ಮಾತ್ರೆ ಒಡೆಯದೆ ಒಂದೇ ಪದವಾಗಿ ನಿಂತಿದೆ. ಅಮ್ಮನ ಮಾತಿನ ಓಟಕ್ಕೆ ಹಳೆಯ ಗತಿ ದಾರಿ ಬಿಟ್ಟಿದೆ, ಪೂರ್ತಿ ಮಾಯವಾಗಿಲ್ಲ. ಎರಡನೆಯ ಸಾಲು ‘ನಾನು ದಾರದ’ ಎಂದು ಭಾಮಿನಿಯಲ್ಲೇ ಹೆಜ್ಜೆಯಿಟ್ಟು, ಮರುಕ್ಷಣ ಬರೀ ಮಾತಿಗೆ ಇಳಿಯುತ್ತದೆ. ತುಂಬಿಸಲೆಂದು ತಂದ ಪದ ಇಲ್ಲಿ ಒಂದೂ ಇಲ್ಲ. ಇದನ್ನು ಬರೆಯುವಾಗ ನೀವು ಯಾರಿಂದಲೂ ತಪ್ಪಿಸಿಕೊಳ್ಳಲು ಓಡುತ್ತಿರಲಿಲ್ಲವೆಂದು ಓದಿದವರಿಗೆ ತಿಳಿಯುತ್ತದೆ.

ಆದರೆ ಅದೇ ಕವಿತೆಯ ಕೊನೆಯ ನಾಲ್ಕು ಸಾಲು ‘ಹರಿದ ಬಾಳನು ಹೊಲಿವ ದೇವರೆ’ ಎಂದು ಶುರುವಾಗಿ ಮತ್ತೆ ಮೂರು-ನಾಲ್ಕಕ್ಕೆ ಮರಳುತ್ತವೆ. ಗತಿಯ ಜೊತೆಗೆ ದೇವರೂ ಬಾಳೂ ಸಿದ್ಧವಾಗಿ ಬಂದಿವೆ. ಆ ನಾಲ್ಕನ್ನೂ ತೆಗೆದುಹಾಕಿ, ದಾರ ಒದ್ದೆಯಾದಲ್ಲಿಗೆ ಕವಿತೆಯನ್ನು ನಿಲ್ಲಿಸಿ, ಅದನ್ನು ಮತ್ತೊಮ್ಮೆ ಆ ಹಿರಿಯರಿಗೇ ಕಳಿಸಿ.